ಲಾಭದಿಂದ ಹನ್ನೊಂದರವರೆಗೆ

ಬ್ಯಾಟನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂಬುದು ಬಣಕಲ್ಲಿನ ಶಾಂತವೀರಪ್ಪನವರಿಗೆ ಇವತ್ತಿಗೂ ಖಚಿತವಾಗಿ ಗೊತ್ತಿಲ್ಲ. ಇದನ್ನು ನಾನು ಅವರೆದುರಿಗೇ ಹೇಳುತ್ತೇನೆ, ಅವರು ನಗುತ್ತಾರೆ. ಆದರೆ ನಮ್ಮ ಕಾಫಿ ಸೀಮೆಗೆ ಮೂವತ್ಮೂರು ವರ್ಷ ಒಂದು ಕ್ರಿಕೆಟ್ ಟೀಮು ಅಂತ ಇದ್ದದ್ದು ಅವರೊಬ್ಬರಿಂದ. ಸೆಂಚುರಿ ಹೊಡೆದವರು ಹೊಡೆದರು, ಪೇಪರಿನಲ್ಲಿ ಹೆಸರು ಹಾಕಿಸಿಕೊಂಡರು, ಮದುವೆಯಾಗಿ ಹೊಟ್ಟೆ ಬೆಳೆಸಿಕೊಂಡು ಆಟ ಬಿಟ್ಟರು. ಒಂದು ರನ್ನೂ ಹೊಡೆಯದ ಈ ಮನುಷ್ಯ ಮಾತ್ರ ಕೊನೆಯವರೆಗೂ ಇದ್ದರು.

ನಾನು ವಿಷ್ಣುಮೂರ್ತಿ ಭಟ್, ಕಳಸದವನು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹದಿನಾಲ್ಕು ವರ್ಷ ಈ ಟೀಮಿನ ವಿಕೆಟ್ ಕೀಪರ್ ಆಗಿದ್ದೆ, ಮೊಣಕಾಲು ಕೈಕೊಟ್ಟ ಮೇಲೆ ಸ್ಕೋರರ್ ಆದೆ. ನನ್ನ ಬ್ಯಾಟಿಂಗ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬರೆಯುವಂಥದ್ದು ಏನೂ ನಡೆದಿಲ್ಲ.

ಟೀಮು ಹುಟ್ಟಿದ್ದು ಸಾವಿರದ ಒಂಬೈನೂರ ತೊಂಬತ್ತೆರಡರ ಜೂನ್‌ನಲ್ಲಿ. ವಲಯದ ಲೀಗಿನವರು ನಮ್ಮ ಗುಡ್ಡದ ಕಡೆಯಿಂದ ಒಂದೇ ಟೀಮು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಕಳಸದಲ್ಲಿ ಆಡುವವರು ಐದು ಜನ. ಮೂಡಿಗೆರೆಯಲ್ಲಿ ಎಂಟು ಜನ, ಅದರಲ್ಲಿ ಮೂವರು ಎಸ್ಟೇಟಿನ ಆಳು, ಲೆಕ್ಕ ನೋಡಿಕೊಳ್ಳುವ ರೈಟರುಗಳು, ಅವರಿಗೆ ರಜೆ ಸಿಕ್ಕರೆ ಸಿಕ್ಕಿತು. ಚಿಕ್ಕಮಗಳೂರಿನಲ್ಲಿ ಹದಿನಾಲ್ಕು ಜನ ಇದ್ದರು, ಆದರೆ ಅವರಲ್ಲಿ ಆರು ಮಂದಿ ಉಳಿದ ಎಂಟು ಮಂದಿಯ ಜೊತೆ ಮಾತು ಬಿಟ್ಟಿದ್ದರು. ಮೂರೂ ಊರು ಸೇರಿಸಿ ಒಂದು ಟೀಮು ಮಾಡುವುದೆಂದಾಯಿತು. ಸಭೆ ಯಾರ ಊರಿನಲ್ಲಿ ಎಂಬ ಜಗಳದಲ್ಲಿ ಎರಡು ವಾರ ಹೋಯಿತು. ಕೊನೆಗೆ ಮೂರರಲ್ಲಿ ಯಾರದ್ದೂ ಅಲ್ಲದ ಬಣಕಲ್ಲಿನ ಬಸ್ ಸ್ಟಾಪಿನಲ್ಲಿ ಸೇರಿದೆವು. ಸೇರಿದ ಐದೇ ನಿಮಿಷಕ್ಕೆ ಮಳೆ ಹಿಡಿಯಿತು. ಎದುರಿಗಿದ್ದ ಹಾರ್ಡ್‌ವೇರ್ ಅಂಗಡಿಯ ಜಗಲಿಗೆ ಓಡಿದೆವು.

ಅದು ಶಾಂತವೀರಪ್ಪನವರ ಅಂಗಡಿ. ಕತ್ತಿ, ಗುದ್ದಲಿ, ಹಗ್ಗ, ಮೈಲುತುತ್ತ, ಪೈಪು ಮಾರುವ ಅಂಗಡಿ. ಅವರಿಗೆ ಆಗ ಮೂವತ್ತೊಂಬತ್ತು. ನಾವು ಅವರ ಜಗಲಿಯಲ್ಲಿ ನಿಂತು ಒಂದು ಗಂಟೆ ಕಿತ್ತಾಡಿದ್ದನ್ನು ಕೇಳಿಸಿಕೊಂಡು, ಕೊನೆಗೆ ತಕ್ಕಡಿಯ ಹಿಂದಿನಿಂದ ಕೇಳಿದರು.

"ಅಲ್ಲ, ಒಂದು ಟೀಮಿಗೆ ಎಷ್ಟು ಜನ ಬೇಕು ಮಾರಾಯ್ರೇ?"

"ಹನ್ನೊಂದು," ಎಂದೆ ನಾನು.

"ಅಷ್ಟೇನಾ? ಒಂದು ಲಾರಿ ಲೋಡ್ ಇಳ್ಸಕ್ಕೆ ನಾನು ಹದಿನೈದು ಜನ ಸೇರಿಸ್ತೀನಿ. ಇಷ್ಟಕ್ಕೆ ಇಷ್ಟು ಗಲಾಟೆ ಎಂತಕ್ಕೆ?"

ಆ ಮಾತಿಗೆ ಅವರನ್ನೇ ಮ್ಯಾನೇಜರ್ ಮಾಡಿಬಿಟ್ಟೆವು. ಅವರು ಮೂರು ಊರಿಗೂ ಸೇರಿದವರಲ್ಲ, ಯಾರ ಪಕ್ಷವನ್ನೂ ವಹಿಸುವುದಿಲ್ಲ, ಅವರ ಹತ್ತಿರ ಪಿಕಪ್ ಇದೆ, ಅದಕ್ಕಿಂತ ಮುಖ್ಯವಾಗಿ ಕ್ರಿಕೆಟ್ ಬಗ್ಗೆ ಅವರಿಗೆ ಅಭಿಪ್ರಾಯಗಳಿಲ್ಲ. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವ ಕೆಲಸ ಇದು ಎಂದು ಆವತ್ತು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಅವರಿಗೆ ಕಪ್ಪೆಗಳ ಮೇಲೆ ಪ್ರೀತಿ ಹುಟ್ಟಿತ್ತು.

ಟೀಮಿನ ಹೆಸರಿನಲ್ಲಿ ಯಾವ ಊರು ಮೊದಲು ಬರಬೇಕೆಂಬ ಜಗಳವನ್ನು ಅವರು ಅಂಗಡಿಯ ಪೇಂಟಿನಲ್ಲೇ ಬಗೆಹರಿಸಿದರು. ಮೂರು ಬೋರ್ಡು ಬರೆದರು. ಕಳಸದಲ್ಲಿ ಆಟವಿದ್ದರೆ ಕಳಸ ಮೊದಲು, ಮೂಡಿಗೆರೆಯಲ್ಲಿ ಮೂಡಿಗೆರೆ ಮೊದಲು, ಚಿಕ್ಕಮಗಳೂರಿನಲ್ಲಿ ಚಿಕ್ಕಮಗಳೂರು ಮೊದಲು. ಜನ ಮೂರನ್ನೂ ಓದುವ ಗೋಜಿಗೆ ಹೋಗದೆ ಕಂಬೈಂಡ್ ಎಂದು ಕರೆದರು. ಕೊನೆಯವರೆಗೂ ಅದೇ ಹೆಸರು ಉಳಿಯಿತು.

ನಮ್ಮ ಕಡೆ ಹನ್ನೊಂದು ಜನರನ್ನು ಒಂದು ಬೆಳಿಗ್ಗೆ ಒಂಬತ್ತೂವರೆಗೆ ಒಂದು ಜಾಗದಲ್ಲಿ ನಿಲ್ಲಿಸುವುದು ಎಂದರೆ ಏನೆಂದು ಬಯಲುಸೀಮೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಫೋನಿಲ್ಲದ ಕಾಲದಲ್ಲಿ ಶಾಂತವೀರಪ್ಪನವರು ಬಸ್ ಕಂಡಕ್ಟರುಗಳ ಕೈಯಲ್ಲಿ ಚೀಟಿ ಕಳಿಸುತ್ತಿದ್ದರು. ಎಸ್ಟೇಟಿನ ಸಾಹುಕಾರರ ಮನೆಗೆ ಹೋಗಿ, ಅವರು ಕೊಟ್ಟ ಕಾಫಿ ಕುಡಿದು, ರೈಟರಿಗೆ ಒಂದು ದಿನ ರಜೆ ಕೇಳುತ್ತಿದ್ದರು. ಒಬ್ಬ ಓಪನರ್‌ನ ಅತ್ತೆಯನ್ನು ಒಪ್ಪಿಸಲು ಅವರ ಮನೆಯ ಬಾವಿಯ ರಾಟೆಯನ್ನು ತಾವೇ ರಿಪೇರಿ ಮಾಡಿಕೊಟ್ಟದ್ದುಂಟು. ಮೂವತ್ಮೂರು ವರ್ಷಗಳಲ್ಲಿ ಕಂಬೈಂಡ್ ಟೀಮು ಸೋತದ್ದಕ್ಕೆ ಲೆಕ್ಕವಿಲ್ಲ. ಆದರೆ ಹತ್ತು ಜನರೊಂದಿಗೆ ಮೈದಾನಕ್ಕೆ ಇಳಿದದ್ದು ಒಮ್ಮೆಯೂ ಇಲ್ಲ. ಅದು ಅವರ ಹೆಮ್ಮೆ, ಅವರಿಗಿದ್ದ ಒಂದೇ ಹೆಮ್ಮೆ.

ಮೈದಾನದ ಗೇಟಿನಲ್ಲಿ ನಿಂತು ಬಂದವರ ಭುಜ ಮುಟ್ಟಿ ಎಣಿಸುತ್ತಿದ್ದರು. ಅಂಗಡಿಯವರು ಅಳೆಯುವಾಗ ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಇವರೂ ಹಾಗೇ. "ಲಾಭ, ಎರಡು, ಮೂರು" ಎಂದು ಶುರುವಾಗಿ ಹನ್ನೊಂದಕ್ಕೆ ಮುಟ್ಟಿದಾಗ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೂರುತ್ತಿದ್ದರು. ಆಮೇಲೆ ಆಟದಲ್ಲಿ ಏನಾದರೂ ಆಗಲಿ, ಅವರ ಮ್ಯಾಚು ಮುಗಿದಂತೆ. ಮೊದಲ ಬಸ್ಸು ಹಿಡಿದು ಬರುವ ಕಳಸದವರೇ ಹೆಚ್ಚಾಗಿ ಲಾಭ ಆಗುತ್ತಿದ್ದುದರಿಂದ ಮೂಡಿಗೆರೆಯವರಿಗೆ ಹೊಟ್ಟೆಯುರಿ. ಲಾಭ ಆಗಬೇಕೆಂದು ಬೆಳಿಗ್ಗೆ ಏಳಕ್ಕೇ ಬಂದು ಗೇಟಿಗೆ ಆನಿಕೊಂಡು ನಿದ್ದೆ ಮಾಡಿದ ಸ್ಪಿನ್ನರ್ ಒಬ್ಬನನ್ನು ನಾನು ನೋಡಿದ್ದೇನೆ.

ಟೀಮಿನ ತೆಂಗಿನ ನಾರಿನ ಮ್ಯಾಟು ಅವರ ಅಂಗಡಿಯ ಅಟ್ಟದಲ್ಲಿರುತ್ತಿತ್ತು. ಪಿಚ್ಚಿನ ಮೇಲೆ ಹಾಸುವ ಆ ಮ್ಯಾಟು ಇಪ್ಪತ್ತೆರಡು ಗಜ ಉದ್ದ, ಎತ್ತಲು ನಾಲ್ಕು ಜನ ಬೇಕು. ಒಂದು ವರ್ಷ ಅವರ ಹೆಂಡತಿ ಬಸಮ್ಮನವರು ಹಿತ್ತಲಿನ ಹಲಸಿನ ಮರದ ಬಳ್ಳಿಯಿಂದ ಕೊಯ್ದ ಕಾಳುಮೆಣಸನ್ನು ಟೆರೇಸಿನ ಮೇಲೆ ಆ ಮ್ಯಾಟಿನಲ್ಲೇ ಒಣಗಿಸಿಬಿಟ್ಟರು. ಗುಡಿಸಿ ಸುತ್ತಿಟ್ಟರು. ಎದುರಾಳಿ ಟೀಮಿನವನು ಬೌಲಿಂಗ್ ಮಾಡಿದ ಮೊದಲ ಚೆಂಡು ಮ್ಯಾಟಿನಲ್ಲಿ ಸಿಕ್ಕಿಕೊಂಡಿದ್ದ ಮೆಣಸಿನ ಕಾಳಿನ ಮೇಲೆ ಬಿದ್ದು ಬ್ಯಾಟು ಹಿಡಿದು ನಿಂತಿದ್ದ ನನ್ನ ಕಿವಿಯ ಪಕ್ಕ ಹಾದುಹೋಯಿತು. ಎರಡನೆಯದು ನೆಲ ಬಿಟ್ಟು ಏಳಲೇ ಇಲ್ಲ. ಅಂಪೈರು ಆಟ ನಿಲ್ಲಿಸಿ ಮ್ಯಾಟು ಕೊಡವಿಸಿದರು. ಅರ್ಧ ಸೇರು ಮೆಣಸು ಸಿಕ್ಕಿತು.

"ಚೆನ್ನಾಗಿ ಒಣಗಿತ್ತಲ್ಲ?" ಎಂದು ಬಸಮ್ಮನವರು ಆಮೇಲೆ ಕೇಳಿದ್ದು ಅಷ್ಟೇ.

ಇನ್ನು ಎರಡು ಸಾವಿರದ ನಾಲ್ಕರ ಸೆಮಿಫೈನಲ್. ಕಳಸದ ಕೊನೆ ಬಸ್ಸು ಸಂಜೆ ಐದೂಕಾಲಿಗೆ ಮೈದಾನದ ಪಕ್ಕ ಹಾದುಹೋಗುತ್ತಿತ್ತು. ಇನ್ನೂ ಎಂಟು ಓವರ್ ಬಾಕಿ ಇದ್ದಾಗ ಬಸ್ಸು ಬಂತು. ನಾವು ಕಳಸದ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶಾಂತವೀರಪ್ಪನವರು ರಸ್ತೆಗೆ ಅಡ್ಡ ನಿಂತು ಬಸ್ಸು ನಿಲ್ಲಿಸಿ, ಡ್ರೈವರಿಗೆ ಏನು ಹೇಳಿದರೋ, ಬಸ್ಸಿನ ಜನವೆಲ್ಲ ಇಳಿದು ಬೇಲಿಯ ಪಕ್ಕ ಕೂತು ಆಟ ನೋಡಿದರು. ನಾವು ಸೋತೆವು. ಕಳಸದವರೆಗೂ ಆ ಡ್ರೈವರು ನನ್ನ ಕೀಪಿಂಗ್ ಬಗ್ಗೆ ಪಾಠ ಹೇಳಿಕೊಂಡೇ ಬಂದ.

ಇಷ್ಟೆಲ್ಲ ಆಟದ ನಡುವೆಯೂ ನಮ್ಮ ಹತ್ತಿರ ಇಲ್ಲದ ಒಂದು ವಸ್ತುವೆಂದರೆ ಟೀಮಿನ ಫೋಟೋ. ಆಟ ಮುಗಿದ ಕೂಡಲೇ ಒಬ್ಬ ಬಸ್ಸಿಗೆ, ಒಬ್ಬ ಕೊಟ್ಟಿಗೆಗೆ, ಒಬ್ಬ ಕಾಫಿ ಹಣ್ಣು ಸುಲಿಯುವ ಪಲ್ಪರ್ ನೋಡಲು ಓಡುತ್ತಿದ್ದ. ಹನ್ನೊಂದು ಜನರನ್ನು ಸೇರಿಸಿದ ಮನುಷ್ಯನಿಗೆ ಅವರನ್ನು ಆಟದ ನಂತರ ಹತ್ತು ನಿಮಿಷ ನಿಲ್ಲಿಸಲು ಆಗಲಿಲ್ಲ.

ಈ ವರ್ಷ ವಲಯದ ಲೀಗಿನವರು ಹೊಸ ನಿಯಮ ತಂದರು. ಎಂಟು ಟೀಮುಗಳಲ್ಲಿ ಕೊನೆಯ ಸ್ಥಾನದಲ್ಲಿ ಉಳಿದವರು ಮುಂದಿನ ವರ್ಷ ಹೊರಗೆ. ಸೇರಲು ಕಾಯುತ್ತಿದ್ದ ಟೀಮುಗಳು ಬಹಳ ಇದ್ದವು, ಹೊರಗೆ ಹೋದರೆ ವಾಪಸು ಬರುವ ದಾರಿ ಇರಲಿಲ್ಲ. ನಮ್ಮದು ಏಳು ಮ್ಯಾಚಿನಲ್ಲಿ ಆರು ಮುಗಿದು, ನಾವು ಕೊನೆಯಲ್ಲೇ ಇದ್ದೆವು. ಕೊನೆಯ ಮ್ಯಾಚು ಮೂಡಿಗೆರೆಯಲ್ಲಿ, ಮಾರ್ಚ್ ಮೊದಲ ಭಾನುವಾರ, ತರೀಕೆರೆ ಕಡೆಯ ಒಂದು ಟೀಮಿನ ಎದುರು. ಗೆದ್ದರೆ ಉಳಿಯುತ್ತೇವೆ. ಸೋತರೆ, ಅಥವಾ ಆಟ ಅರ್ಧಕ್ಕೆ ನಿಂತು ಪಾಯಿಂಟು ಹಂಚಿಕೆಯಾದರೂ, ಕಂಬೈಂಡ್ ಟೀಮಿನ ಕಥೆ ಮುಗಿಯುತ್ತದೆ. ಶಾಂತವೀರಪ್ಪನವರಿಗೆ ಈಗ ಎಪ್ಪತ್ತೆರಡು. ಆ ಒಂದು ತಿಂಗಳು ಅವರು ಸರಿಯಾಗಿ ಉಣ್ಣಲಿಲ್ಲ ಎಂದು ಬಸಮ್ಮನವರೇ ನನಗೆ ಹೇಳಿದರು.

"ಮಕ್ಕಳ ಪರೀಕ್ಷೆಗೂ ಇಷ್ಟು ತಲೆ ಕೆಡಿಸ್ಕೊಂಡಿರ್ಲಿಲ್ಲ ಭಟ್ರೇ," ಎಂದರು.

ಅದರ ಮೇಲೆ ಈ ವರ್ಷ ಹೂಮಳೆ ಬಂದಿರಲಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಕಾಫಿ ಗಿಡದ ಮೊಗ್ಗು ಒಂಬತ್ತನೇ ದಿನಕ್ಕೆ ಅರಳುತ್ತದೆ. ಬರದಿದ್ದರೆ, ಕೆರೆ ಇದ್ದವರು ಇಂಜಿನ್ ಹಚ್ಚಿ, ಪೈಪು ಎಳೆದು, ಜೆಟ್ಟಿನಲ್ಲಿ ತೋಟಕ್ಕೆಲ್ಲ ನೀರು ಹಾರಿಸುತ್ತಾರೆ. ಮೂರು ಗಂಟೆಗೊಮ್ಮೆ ಪೈಪು ಬಿಚ್ಚಿ ಮುಂದಕ್ಕೆ ಜೋಡಿಸಬೇಕು. ಆ ದಿನಗಳಲ್ಲಿ ಬೆಳೆಗಾರನನ್ನು ಮದುವೆಗೂ ಕರೆಯುವ ಹಾಗಿಲ್ಲ. ಪೈಪಿನ ರಬ್ಬರ್ ರಿಂಗುಗಳು ಶಾಂತವೀರಪ್ಪನವರ ಅಂಗಡಿಯಲ್ಲೇ ಖರ್ಚಾಗುವುದು. ವ್ಯಾಪಾರ ಜೋರಾದಷ್ಟೂ ಮುಖ ಸಣ್ಣ ಮಾಡಿಕೊಳ್ಳುವ ಅಂಗಡಿಯವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಯಾರು ರಿಂಗು ಒಯ್ದರು ಎಂಬುದರ ಮೇಲೆ ಯಾರು ಭಾನುವಾರ ಆಟಕ್ಕೆ ಬರುವುದಿಲ್ಲ ಎಂದು ಅವರಿಗೆ ತಿಳಿಯುತ್ತಿತ್ತು.

ಶನಿವಾರ ಸಂಜೆ ಜಾವಳಿಯ ಪ್ರಸಾದನ ಫೋನು ಬಂತು. ಪ್ರಸಾದ ನಮ್ಮ ಒಳ್ಳೆಯ ಬೌಲರ್. ಒಳ್ಳೆಯ ಎನ್ನುವುದಕ್ಕಿಂತ, ಇರುವ ಒಬ್ಬನೇ ಬೌಲರ್ ಎಂದರೆ ಸರಿ. ಆಗ ನಾನು ಅಂಗಡಿಯಲ್ಲೇ ಕೂತಿದ್ದೆ, ಫೋನು ಸ್ಪೀಕರಿನಲ್ಲಿತ್ತು.

"ನಾಳೆ ಬರಕ್ಕಾಗಲ್ಲ ಶಾಂತವೀರಪ್ಪನವ್ರೇ, ಬೇಜಾರ್ ಮಾಡ್ಕೋಬೇಡಿ. ಜೆಟ್ ಶುರು ಮಾಡಿಬಿಟ್ಟಿದೀನಿ. ಅಪ್ಪಂಗೆ ಕಣ್ಣಿನ ಆಪರೇಷನ್ ಆಗಿದೆ, ತೋಟಕ್ಕೆ ಇಳಿಯೋ ಹಾಗಿಲ್ಲ. ಇರೋದು ನಾನು, ನಮ್ ತೋಟದ ಆಳು ಗುರುವಯ್ಯ, ಇಬ್ರೇ."

"ಒಂದಿನ ನಿಲ್ಸು ಮಾರಾಯ."

"ಕೆರೇಲಿ ಮೂರು ದಿನಕ್ಕಾಗೋಷ್ಟೇ ನೀರಿರೋದು. ಪಕ್ಕದವ್ರೂ ಎತ್ತುತಾ ಇದಾರೆ. ನಾಳೆ ನಿಲ್ಸಿದ್ರೆ ಕೆಳಗಿನ ತೋಟಕ್ಕೆ ಎಂತದೂ ಉಳಿಯಲ್ಲ."

ಶಾಂತವೀರಪ್ಪನವರು ಬೆರಳು ಮಡಚಿ ಎಣಿಸಿದರು. ಬೇರೆಯವರೆಲ್ಲ ಆಗಲೇ ಲೆಕ್ಕಕ್ಕೆ ಬಂದಿದ್ದರು. ಪ್ರಸಾದ ಇಲ್ಲದಿದ್ದರೆ ಹತ್ತೇ ಜನ.

"ಗುರುವಯ್ಯನ ಜೊತೆ ಪೈಪ್ ಬದಲಾಯಿಸಕ್ಕೆ ಒಬ್ರು ಸಿಕ್ಕಿದ್ರೆ ಬರ್ತೀಯಾ?"

"ಈಗ ಯಾರು ಸಿಗ್ತಾರೆ ಸಾರ್? ಎಲ್ಲರ ತೋಟದಲ್ಲೂ ಇದೇ ಕೆಲಸ."

"ಸಿಗ್ತಾರೆ. ಬೆಳಿಗ್ಗೆ ಆರಕ್ಕೆ ಬರ್ತಾರೆ. ನೀನು ಬಿಳಿ ಬಟ್ಟೆ ಹಾಕ್ಕೊಂಡು ರೆಡಿ ಇರು."

ಯಾರು ಎಂದು ನಾನು ಕೇಳಿದೆ. ಅವರು ಉತ್ತರ ಹೇಳದೆ ಮಾರಲಿಟ್ಟಿದ್ದ ಗಂಬೂಟುಗಳಲ್ಲಿ ತಮ್ಮ ಅಳತೆಯದನ್ನು ಹುಡುಕತೊಡಗಿದರು. ಎಪ್ಪತ್ತೆರಡರ ವಯಸ್ಸಿನಲ್ಲಿ ಇಳಿಜಾರಿನ ತೋಟದಲ್ಲಿ ಪೈಪು ಹೊರುವುದು ಹುಡುಗಾಟವಲ್ಲ ಎಂದು ಬೈದೆ. ಬಸಮ್ಮನವರೂ ಒಳಗಿನಿಂದ ಬೈದರು.

"ಮೂವತ್ತು ವರ್ಷದಿಂದ ಈ ಪೈಪ್ ಮಾರ್ತಿದೀನಿ. ಜೋಡ್ಸಕ್ಕೆ ಬರಲ್ವಾ ನಂಗೆ? ಭಟ್ರೇ, ನಾಳೆ ಎಣಿಸೋ ಕೆಲಸ ನಿಮ್ದು," ಎಂದರು.

ಹೀಗೆ ಮೂವತ್ಮೂರು ವರ್ಷಗಳಲ್ಲಿ ಮೊದಲ ಬಾರಿಗೆ, ಎಲ್ಲಕ್ಕಿಂತ ಮುಖ್ಯವಾದ ಮ್ಯಾಚಿನ ದಿನವೇ, ಶಾಂತವೀರಪ್ಪನವರು ಮೈದಾನದಲ್ಲಿರಲಿಲ್ಲ. ಗೇಟಿನಲ್ಲಿ ನಾನು ನಿಂತೆ. ಲಾಭ ಎನ್ನಲು ನನಗೆ ಬಾಯಿ ಬರಲಿಲ್ಲ. ಅದು ಅವರ ಮಾತು. ಒಂದು ಎಂದು ಶುರು ಮಾಡಿ ಹನ್ನೊಂದಕ್ಕೆ ಮುಗಿಸಿದೆ. ಹನ್ನೊಂದನೆಯವನು ಪ್ರಸಾದ.

"ಆ ಮುದುಕರು ನನ್ ಕೈಯಿಂದ ಪೈಪ್ ಕಿತ್ಕೊಂಡ್ರು ಸಾರ್," ಎಂದ. ಅವನ ಕಣ್ಣು ತುಂಬಿತ್ತು.

ಬಿಸಿಲು ಸುಡುತ್ತಿತ್ತು. ಮೊದಲು ನಾವು ಬ್ಯಾಟ್ ಮಾಡಿ ನಲವತ್ತು ಓವರಿನಲ್ಲಿ ನೂರ ಅರವತ್ತೆಂಟು ಹೊಡೆದೆವು. ನಮ್ಮ ಮಟ್ಟಿಗೆ ಅದು ಕಡಿಮೆಯಲ್ಲ. ಪ್ರಸಾದನ ತೋಟದಲ್ಲಿ ಮೇಲಿನ ಬಂಡೆಯೊಂದರ ಹತ್ತಿರ ಮಾತ್ರ ಸಿಗ್ನಲ್ ಸಿಗುತ್ತದೆ. ಒಂದೊಂದು ಸಲ ಪೈಪು ಬದಲಾಯಿಸಿದ ಮೇಲೆ ಶಾಂತವೀರಪ್ಪನವರು ಆ ಬಂಡೆ ಹತ್ತಿ ಫೋನು ಮಾಡುತ್ತಿದ್ದರು. ಏದುಸಿರು ಕೇಳುತ್ತಿತ್ತು. ಹತ್ತೂವರೆಗೆ ಒಮ್ಮೆ, ಒಂದೂವರೆಗೆ ಒಮ್ಮೆ. ಮೂರು ಗಂಟೆ ದಾಟಿದ ಮೇಲೆ ಮತ್ತೆ ಬಂತು. ಆಗ ಎದುರಾಳಿಗಳು ಏಳು ವಿಕೆಟ್ಟಿಗೆ ನೂರ ಮೂವತ್ತೊಂದು.

"ಭಟ್ರೇ," ಎಂದು ಕಿರುಚಿದರು. ಹಿಂದೆ ಏನೋ ಭೋರೆನ್ನುತ್ತಿತ್ತು. ನಾನು ಇಂಜಿನ್ ಎಂದುಕೊಂಡೆ. "ಭಟ್ರೇ, ಮಳೆ! ಜಾವಳೀಲಿ ಮಳೆ ಬಂತು! ಹುಯ್ಯುತಾ ಇದೆ ಮಾರಾಯ್ರೇ, ಎಲ್ಲಾ ಕಡೆ ಹುಯ್ಯುತಾ ಇದೆ!"

ನನ್ನದು ಕಳಸದಲ್ಲಿ ಎರಡು ಎಕರೆ ಕಾಫಿ ಇದೆ. ಕೆರೆ ಇಲ್ಲ. ಮಳೆ ಎಂಬ ಮಾತು ಕಿವಿಗೆ ಬಿದ್ದಾಗ ಆ ಓವರಿನ ಎರಡು ಚೆಂಡುಗಳನ್ನು ಬರೆದುಕೊಳ್ಳುವುದನ್ನೇ ಮರೆತೆ.

ಅಷ್ಟರಲ್ಲಿ ಅವರ ದನಿ ಬದಲಾಯಿತು. "ನೋಡಿ, ಮುಕ್ಕಾಲು ಗಂಟೇಲಿ ಅಲ್ಲಿಗೆ ಬರ್ತದೆ. ಅಷ್ಟರೊಳಗೆ ಮುಗಿಸ್ಬೇಕು. ಆದ್ರೆ ಹುಡುಗ್ರಿಗೆ ಹೇಳ್ಬೇಡಿ. ಹೇಳಿದ್ರೆ ಒಬ್ಬನೂ ಚೆಂಡು ನೋಡಲ್ಲ. ಆಕಾಶ ನೋಡ್ತಾರೆ."

ಎಂಥ ಅರಿವು ನೋಡಿ. ಬ್ಯಾಟು ಹಿಡಿಯಲು ಬಾರದ ಮನುಷ್ಯನಿಗೆ ತನ್ನ ಹನ್ನೊಂದು ಜನ ಗೊತ್ತಿದ್ದರು.

ನಾನು ಒಂದು ಓವರ್ ತಡೆದುಕೊಂಡೆ. ಆಗ ನೀರು ಕುಡಿಯಲು ಕ್ಯಾಪ್ಟನ್ ಸುದೀಪ ನನ್ನ ಮೇಜಿನ ಹತ್ತಿರ ಬಂದ. ನನ್ನ ಮುಖ ನೋಡಿದ.

"ಎಂತ ಆಯ್ತು ಸಾರ್?"

"ಏನಿಲ್ಲ."

"ಫೋನ್ ಬಂದಿತ್ತಲ್ಲ. ಶಾಂತವೀರಪ್ಪನವ್ರಿಗೆ ಏನಾದ್ರೂ ಆಯ್ತಾ? ಬಿದ್ದುಗಿದ್ದು ಮಾಡ್ಕೊಂಡ್ರಾ?"

"ಛೆ, ಛೆ, ಆರಾಮಾಗಿದಾರೆ. ಜಾವಳೀಲಿ ಮಳೆಯಂತೆ, ಅಷ್ಟೇ," ಎಂದುಬಿಟ್ಟೆ.

ಅವನ ಹೆದರಿಕೆ ಕಳೆಯಲು ಹೇಳಿದೆ ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಅದು ಸುಳ್ಳು. ಹೊಟ್ಟೆಯೊಳಗೆ ಇಟ್ಟುಕೊಳ್ಳಲು ಆಗದೆ ಹೇಳಿದೆ. ಸುದೀಪ ಪಿಚ್ಚಿಗೆ ವಾಪಸು ನಡೆದು ಹೋಗುವಷ್ಟರಲ್ಲಿ ಸುದ್ದಿ ಕೀಪರಿನಿಂದ ಸ್ಲಿಪ್ಪಿಗೆ, ಸ್ಲಿಪ್ಪಿನಿಂದ ಬೌಂಡರಿಗೆ ಮುಟ್ಟಿತ್ತು. ಬೌಂಡರಿಯಿಂದ ಒಬ್ಬ ನನ್ನತ್ತ ಕೈಯಾಡಿಸಿ "ಎಷ್ಟು ಸೆಂಟ್ ಅಂತೆ?" ಎಂದು ಕೂಗಿದ. ನಮ್ಮಲ್ಲಿ ಮಳೆಯನ್ನು ಅಳೆಯುವುದು ಇಂಚು ಮತ್ತು ಅದರ ನೂರನೇ ಒಂದು ಭಾಗವಾದ ಸೆಂಟ್ಸ್‌ನಲ್ಲಿ. ಯಾವ ಟೀಮಿನ ಫೀಲ್ಡರ್ ಆಟದ ನಡುವೆ ಹೀಗೆ ಕೇಳುತ್ತಾನೆ?

ಪ್ರಸಾದ ಮಾತ್ರ ಯಾವ ಕಡೆಗೂ ತಿರುಗಲಿಲ್ಲ. ಅವನ ಪೈಪು ಹೊರುತ್ತಿದ್ದವರು ಯಾರೆಂಬುದು ಅವನ ತಲೆಯಲ್ಲಿತ್ತು. ಎರಡು ಓವರಿನಲ್ಲಿ ಎರಡು ವಿಕೆಟ್ ಕಿತ್ತ. ಒಂಬತ್ತು ವಿಕೆಟ್ಟಿಗೆ ನೂರ ನಲವತ್ತಾರು. ಇನ್ನೊಂದು ವಿಕೆಟ್ ಬಿದ್ದರೆ ಕಂಬೈಂಡ್ ಉಳಿಯುತ್ತದೆ. ಪಶ್ಚಿಮದ ಗುಡ್ಡದ ಮೇಲೆ ಕಪ್ಪು ಕಟ್ಟಿತ್ತು, ಮಣ್ಣಿನ ವಾಸನೆ ಗಾಳಿಯಲ್ಲಿ ಬರತೊಡಗಿತ್ತು.

ಮುಂದಿನ ಚೆಂಡನ್ನು ಅವರ ಕೊನೆಯ ಬ್ಯಾಟ್ಸ್‌ಮನ್ ಕಣ್ಣು ಮುಚ್ಚಿ ಬೀಸಿದ. ಚೆಂಡು ನೆಟ್ಟಗೆ ಮೇಲೆ ಹೋಯಿತು. ಕೆಳಗೆ ನಿಂತವನು ವಸ್ತಾರೆಯ ಮಲ್ಲೇಶ್, ನಮ್ಮಲ್ಲಿ ಕ್ಯಾಚ್ ಬಿಡದವನು ಎಂದು ಹೆಸರಾದವನು. ಅವನಿಗೂ ಕೆರೆಯಿಲ್ಲ, ಬೋರ್‌ವೆಲ್ ಬತ್ತಿದೆ. ಐದು ಎಕರೆ ಅರೇಬಿಕಾ ಕಾಫಿ ಪೂರ್ತಿ ಆಕಾಶಕ್ಕೆ ಬಿಟ್ಟದ್ದು. ಕೈ ಜೋಡಿಸಿ ಮೇಲೆ ನೋಡಿದ. ಚೆಂಡಿನ ಹಿಂದೆ ಮೋಡವಿತ್ತು. ಅವನ ಹಣೆಯ ಮೇಲೆ ಮೊದಲ ಹನಿ ಬಿತ್ತಂತೆ.

"ಬಂತು ಕಣ್ರೋ!" ಎಂದು ಕೂಗಿದ. ಎರಡೂ ಕೈ ಅಗಲವಾಗಿ ಚಾಚಿದ್ದವು. ಚೆಂಡು ಅವನ ಬೆನ್ನ ಹಿಂದೆ ಬಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗಾದೆ ಇದೆ. ಇಲ್ಲಿ ತುತ್ತು ಕೈಗೂ ಬರಲಿಲ್ಲ. ಎರಡು ಚೆಂಡು ಆಗುವಷ್ಟರಲ್ಲಿ ಮಳೆ ಸುರಿಯಿತು. ಅಂಪೈರು ಬೇಲ್ಸ್ ಎತ್ತಿದರು. ನಮ್ಮ ಹನ್ನೊಂದರಲ್ಲಿ ಪ್ರಸಾದ ಒಬ್ಬನನ್ನು ಬಿಟ್ಟು ಉಳಿದವರು ಮೈದಾನದ ನಡುವೆ ತಲೆಯೆತ್ತಿ ನಿಂತಿದ್ದರು. ಇಬ್ಬರು ತಬ್ಬಿಕೊಂಡಿದ್ದರು. ಮ್ಯಾಟು ನೆನೆಯುತ್ತಿತ್ತು. ಪಾಪ, ತರೀಕೆರೆ ಕಡೆಯ ಹುಡುಗರೇ ಓಡಿ ಹೋಗಿ ಅದನ್ನು ಸುತ್ತಿ ನಮ್ಮ ಪಿಕಪ್ಪಿಗೆ ಹಾಕಿದರು. ಇವರಿಗೆ ಏನಾಗಿದೆ ಎಂದು ಅವರಿಗೆ ತಿಳಿಯಲಿಲ್ಲ.

ಐದು ನಿಮಿಷದ ಮೇಲೆ ಮಲ್ಲೇಶನಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು. ನೆಲದ ಮೇಲೆ ಕುಸಿದು ಕೂತ.

ಮಳೆ ನಿಲ್ಲಲಿಲ್ಲ. ಪಾಯಿಂಟು ಹಂಚಿಕೆಯಾಯಿತು. ಸಂಜೆ ಆರಕ್ಕೆ ನಾವೆಲ್ಲ ಬಣಕಲ್ಲಿನ ಅಂಗಡಿಯಲ್ಲಿದ್ದೆವು. ಬಸಮ್ಮನವರು ಬಿಸಿ ಅಕ್ಕಿರೊಟ್ಟಿ, ಕಾಯಿ ಚಟ್ನಿ ತಂದಿಟ್ಟರು. ಯಾರೂ ಮುಟ್ಟಲಿಲ್ಲ. ಗುರುವಯ್ಯ ಜೀಪಿನಲ್ಲಿ ಶಾಂತವೀರಪ್ಪನವರನ್ನು ಕರೆತಂದ. ಯಾರದೋ ಪಂಚೆ, ತಲೆಯ ಮೇಲೆ ಕಂಬಳಿಕೊಪ್ಪೆ, ಎರಡೂ ಅಂಗೈಗಳಲ್ಲಿ ಬೊಬ್ಬೆ. ಇಳಿದವರೇ ಕೇಳಿದರು.

"ಮೂಡಿಗೆರೇಲಿ ಎಷ್ಟು ಸೆಂಟ್ ಬಂತು? ಜಾವಳೀಲಿ ಒಂದಿಂಚು ಇಪ್ಪತ್ತು ಸೆಂಟ್! ನಾನೇ ಅಳತೆ ನೋಡ್ದೆ!"

ಅವರು ಒಬ್ಬೊಬ್ಬರ ಮುಖವನ್ನೇ ನೋಡಿದರು. ನಿಧಾನವಾಗಿ ಕಂಬಳಿ ತೆಗೆದರು.

"ನಾನು ಬಿಟ್ಟೆ," ಎಂದ ಮಲ್ಲೇಶ್. "ಕೊನೆ ಕ್ಯಾಚು. ಮೋಡ ನೋಡ್ತಾ ನಿಂತ್ಬಿಟ್ಟೆ ಶಾಂತವೀರಪ್ಪನವ್ರೇ. ನನ್ನಿಂದ ಟೀಮ್ ಹೋಯ್ತು."

"ಅವನದ್ದಲ್ಲ ತಪ್ಪು," ಎಂದೆ. "ನೀವು ಹೇಳ್ಬೇಡಿ ಅಂದಿದ್ರಿ. ನಾನು ಹೇಳ್ದೆ."

ಅವರು ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಸ್ಟೂಲಿನ ಮೇಲೆ ಕೂತು ಬೊಬ್ಬೆ ಬಂದ ಕೈಗಳನ್ನು ನೋಡಿಕೊಂಡರು.

"ಭಟ್ರೇ, ನಾನು ಫೋನ್ ಮಾಡಿದ್ದು ಎಂತಕ್ಕೆ ಹೇಳಿ? ಮ್ಯಾಚಿಗಾಗಿ ಅಲ್ಲ. ಮ್ಯಾಚು ನೆನಪಾಗಿದ್ದು ಆಮೇಲೆ. ನಂದು ಒಂದು ಕಾಫಿ ಗಿಡ ಇಲ್ಲ. ಮಾರೋದು ಮೊಳೆ. ಮಳೆ ಬಿದ್ರೆ ನಂಗೆ ಎಂತ ಬಂತು? ಆದ್ರೂ ಆ ಗುಡ್ಡದ ಮೇಲೆ ಹನಿ ಬಿದ್ದಾಗ ನಂಗೂ ತಡ್ಕೊಳ್ಳಕ್ಕಾಗಲಿಲ್ಲ. ಯಾರಿಗಾದ್ರೂ ಹೇಳ್ಬೇಕಿತ್ತು. ಬಂಡೆ ಹತ್ತಿ ನಿಮಗೆ ಹೇಳ್ದೆ. ನಂಗೇ ಆಗದೇ ಇದ್ದದ್ದು ನಿಮ್ಮಿಂದ ಹ್ಯಾಗೆ ಆಗ್ತದೆ?"

ಆಮೇಲೆ ಮಲ್ಲೇಶನ ಕಡೆ ತಿರುಗಿದರು. "ವಸ್ತಾರೇಲಿ ಬಂತಾ?"

"ಬಂತಂತೆ. ಎಂಬತ್ತೈದು ಸೆಂಟ್."

"ಹಾಗಾದ್ರೆ ರೊಟ್ಟಿ ತಿನ್ನಿ, ಆರೋಗ್ತದೆ," ಎಂದು ಎದ್ದು, ಒದ್ದೆ ಮ್ಯಾಟಿಗೆ ಜಾಗ ಮಾಡಲು ಅಟ್ಟ ಹತ್ತಿದರು. ಅರ್ಧ ಗಂಟೆ ಇಳಿಯಲಿಲ್ಲ. ಬಸಮ್ಮನವರು ಏಣಿಯ ಹತ್ತಿರ ಹೋಗಿ ನಿಂತು, ಲೈಟು ಹಾಕಿ ಬಂದರು. ಮೇಲೆ ಶಾಂತವೀರಪ್ಪನವರು ಅತ್ತಿರಬೇಕು. ನಾವು ಕೆಲವರು ಕೆಳಗೆ ಕೂತು ಅತ್ತೆವು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಲೀಗಿನವರ ಪತ್ರ ಅದೇ ವಾರ ಬಂತು. ಎರಡು ಸಾಲಿನ ಪತ್ರ. ಮೂವತ್ಮೂರು ವರ್ಷಕ್ಕೆ ಎರಡು ಸಾಲು. ಮುಂದಿನ ವರ್ಷದಿಂದ ಚಿಕ್ಕಮಗಳೂರಿನವರು ಬೇರೆ ಕಡೆ ಪ್ರಯತ್ನಿಸುತ್ತಾರಂತೆ, ಮೂಡಿಗೆರೆಯವರು ಟೆನಿಸ್ ಬಾಲ್ ಆಡುತ್ತಾರಂತೆ. ಮ್ಯಾಟು ಒಣಗಿದ ಮೇಲೆ ಯಾರೋ ಮೆಣಸು ಹರಡಲು ಕೇಳಿದರಂತೆ, ಶಾಂತವೀರಪ್ಪನವರು ಕೊಡಲಿಲ್ಲವಂತೆ.

ಮಳೆ ಬಿದ್ದ ಒಂಬತ್ತನೇ ದಿನ ಮಂಗಳವಾರ. ಹಿಂದಿನ ಸಂಜೆ ಅವರ ಫೋನು ಬಂತು. "ನಾಳೆ ಪ್ರಸಾದನ ತೋಟಕ್ಕೆ ಬನ್ನಿ. ಬಿಳಿ ಬಟ್ಟೆ ಹಾಕ್ಕೊಂಡು. ಒಂದು ಫೋಟೋ ತೆಗಿಯೋಣ. ಇಷ್ಟು ವರ್ಷ ಆಗ್ಲಿಲ್ಲ ನೋಡಿ."

ಇಷ್ಟೇ ಹೇಳಿದ್ದು. ಎರಡನೇ ಸಲ ಯಾರಿಗೂ ಫೋನು ಮಾಡಲಿಲ್ಲವಂತೆ. ನಾನು ಶಾಲೆಗೆ ರಜೆ ಹಾಕಿ ಮೊದಲ ಬಸ್ಸು ಹಿಡಿದೆ. ಜಾವಳಿಯ ತೋಟ ಮೇಲಿನಿಂದ ಕೆಳಗಿನವರೆಗೆ ಬೆಳ್ಳಗೆ ಅರಳಿತ್ತು. ಜೆಟ್ಟಿನಲ್ಲಿ ನೆನೆದ ಗಿಡ ಯಾವುದು, ಮಳೆಯಲ್ಲಿ ನೆನೆದ ಗಿಡ ಯಾವುದು ಎಂದು ಹೇಳುವಂತಿರಲಿಲ್ಲ. ಜೇನುಹುಳುಗಳ ಸದ್ದಿನಲ್ಲಿ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. ಎಲ್ಲರೂ ಬಂದರು. ಎಲ್ಲರಿಗಿಂತ ಮೊದಲು ಬಂದಿದ್ದವನು ಮಲ್ಲೇಶ್.

ಗುರುವಯ್ಯ ಮೊಬೈಲ್ ಹಿಡಿದು ನಿಂತ. ಹುಡುಗರು ಹನ್ನೊಂದು ಜನ ಸಾಲಾದರು, ನಾನು ಗುರುವಯ್ಯನ ಪಕ್ಕ ನಿಂತೆ. ಶಾಂತವೀರಪ್ಪನವರು ಅಭ್ಯಾಸದಂತೆ ಪಕ್ಕಕ್ಕೆ ನಿಂತು, ಎಣಿಸಲು ಕೈ ಎತ್ತಿದರು. ಮಲ್ಲೇಶ್ ಸಾಲಿನಿಂದ ಹೊರಗೆ ಬಂದು ಆ ಕೈ ಹಿಡಿದುಕೊಂಡ.

"ಇವತ್ತು ನಾನು ಎಣಿಸ್ತೀನಿ," ಎಂದ. ಅವರನ್ನು ಕರೆತಂದು ಸಾಲಿನ ಮೊದಲಿಗೆ ನಿಲ್ಲಿಸಿದ. ಭುಜದ ಮೇಲೆ ಕೈಯಿಟ್ಟ.

"ಲಾಭ," ಎಂದ.

ಆಮೇಲೆ ಎರಡು, ಮೂರು, ನಾಲ್ಕು ಎನ್ನುತ್ತ ಹೋಗಿ, ಕೊನೆಗೆ ತನ್ನ ಎದೆ ಮುಟ್ಟಿಕೊಂಡು ಹನ್ನೆರಡಕ್ಕೆ ನಿಲ್ಲಿಸಿದ.

ಶಾಂತವೀರಪ್ಪನವರು ಟವೆಲ್ಲಿಗಾಗಿ ಹೆಗಲು ತಡಕಿದರು. ಟವೆಲ್ಲು ಜೀಪಿನಲ್ಲೇ ಉಳಿದಿತ್ತು.

"ಹನ್ನೆರಡು ಜನ ಆಯ್ತಲ್ಲ ಮಾರಾಯ," ಎಂದರು. "ಆಡ್ಸಕ್ಕೆ ಬಿಡಲ್ಲ."